ಮತ್ತೋಡಿನ ಕುಲುಮೆಯೂ ನಮ್ಮ ಹಿತ್ತಿಲ ಸೀಸೆಗಳೂ

ನಮ್ಮ ಹಿತ್ತಿಲಲ್ಲಿ ಎರಡು ಮೂಟೆ ಗಾಜಿನ ಸೀಸೆಗಳು ಬಹುದಿನಗಳಿಂದ ಬಿದ್ದಿವೆ. ಗುಜರಿಯವನು ಕಾಗದ, ಕಬ್ಬಿಣ, ಪ್ಲಾಸ್ಟಿಕ್ಕುಗಳನ್ನು ಕೊಂಡೊಯ್ದನು. ಗಾಜನ್ನು ಮಾತ್ರ "ಬೇಡ ಮೇಷ್ಟ್ರೇ, ಲಾರಿ ಬಾಡಿಗೆಯೂ ಹುಟ್ಟೋದಿಲ್ಲ" ಎಂದು ಬಿಟ್ಟುಹೋದನು. ಇತಿಹಾಸ ಬೋಧಿಸಿದ ನನಗೆ ಆಗ ನೆನಪಾದದ್ದು ಮತ್ತೋಡು.

ಹೊಸದುರ್ಗ ತಾಲ್ಲೂಕಿನ ಈ ಊರಿಗೆ ಫ್ರಾನ್ಸಿಸ್ ಬುಕಾನನ್ ತನ್ನ 1800-01ರ ಪ್ರವಾಸದಲ್ಲಿ ಬಂದಿದ್ದನು. ಸವಳು ಮಣ್ಣಿನಿಂದ ತೆಗೆದ ಸೋಡಾಕ್ಕೆ ಬೆಣಚುಕಲ್ಲಿನ ಪುಡಿ ಬೆರೆಸಿ ಬಳೆಯ ಗಾಜು ಕರಗಿಸುತ್ತಿದ್ದುದನ್ನು 1807ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಆ ಕಸುಬು ಅಳಿದು ಬಹುಕಾಲವಾಯಿತು. ಇಂದು ಬಳೆಯೆಂದರೆ ಉತ್ತರ ಪ್ರದೇಶದ ಫಿರೋಜಾಬಾದ್. ಅಲ್ಲಿ ಒಡೆದ ಬಳೆಗಳೂ ಮತ್ತೆ ಕುಲುಮೆ ಸೇರುತ್ತವೆ. ತಾಜಮಹಲಿನ ರಕ್ಷಣೆಗಾಗಿ ಕಲ್ಲಿದ್ದಲು ಬಿಡುವಂತೆ 1996ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು; ಕುಲುಮೆಗಳು ಅನಿಲಕ್ಕೆ ತಿರುಗಬೇಕಾಯಿತು.

ಗಾಜು ಎಷ್ಟು ಸಲ ಕರಗಿಸಿದರೂ ಕೆಡದು. ಚೂರು ಬೆರೆಸಿದರೆ ಉರುವಲೂ ಉಳಿಯುತ್ತದೆ. ತೊಡಕಿರುವುದು ಬೇರೆಡೆ. ಗಾಜಿಗೆ ಭಾರ ಹೆಚ್ಚು, ಬೆಲೆ ಕಡಿಮೆ. ಹಸಿರು, ಕಂದು, ಬಿಳಿ ಬೇರ್ಪಡಿಸಬೇಕು. ಪಿಂಗಾಣಿಯ ಚೂರೊಂದು ಸೇರಿದರೆ ಕರಗದೆ ಉಳಿದು, ಹೊಸ ಸೀಸೆಯಲ್ಲಿ ಕಲ್ಲಾಗಿ ಕೂರುತ್ತದೆ. ಆಯುವವರ ಬೆರಳು ಕೊಯ್ದುಕೊಳ್ಳುವುದನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯರು. ನಮ್ಮ ಕಾಲದ ಗೋಲಿಸೋಡಾ ಸೀಸೆಯೇ ಜಾಣ! ಕರಗುವ ಗೋಜಿಲ್ಲದೆ, ತೊಳೆಸಿಕೊಂಡು ಮತ್ತೆ ಅಂಗಡಿಗೆ ಬರುತ್ತಿತ್ತು.

ಅಗಲಬಾಯಿಯ ಸೀಸೆಗಳನ್ನು ನನ್ನಾಕೆ ಉಪ್ಪಿನಕಾಯಿಗೆಂದು ಆರಿಸಿಕೊಂಡಿದ್ದಾಳೆ. ಉಳಿದವನ್ನು ಕೊಳ್ಳುವವರು ನಿಮ್ಮೂರುಗಳಲ್ಲಿದ್ದರೆ ದಯವಿಟ್ಟು ತಿಳಿಸಿರಿ.