ಚೀಟಿಯ ಕೆಳಗಿನ ರುಜು

ಔಷಧದ ಚೀಟಿಯನ್ನು ಕೈಯಲ್ಲಿ ಹಿಡಿಯದವರು ನಮ್ಮಲ್ಲಿ ಯಾರೂ ಇಲ್ಲ; ಅದನ್ನು ಓದಬಲ್ಲವರು ಮಾತ್ರ ಬಹಳ ಕಡಮೆ. ಔಷಧದಂಗಡಿಯವನೊಬ್ಬ ಹೇಗೋ ಓದಿಬಿಡುತ್ತಾನೆ. ಅದು ಅವನ ಪೂರ್ವಜನ್ಮದ ಪುಣ್ಯವಿರಬೇಕು. ಆದರೆ ಆ ಚೀಟಿಯಲ್ಲಿ ಮದ್ದಿನ ಹೆಸರಿಗಿಂತಲೂ ಮುಖ್ಯವಾದದ್ದು ಒಂದಿದೆ. ಅದು ಕೆಳಗಿನ ರುಜು. ರುಜು ಇದ್ದರೆ ಚೀಟಿ, ಇಲ್ಲದಿದ್ದರೆ ಬರಿಯ ಕಾಗದ. ಈ ರುಜು ಹಾಕುವ ಹಕ್ಕು ಯಾರದು ಎಂದು ಕೇಳಿದರೆ, ಡಾಕ್ಟರದು, ಮತ್ತೆ ಯಾರದು, ಎಂದು ಯಾರಾದರೂ ತಟ್ಟನೆ ಹೇಳಿಯಾರು. ಇಪ್ಪತ್ತನೆಯ ಶತಮಾನದ ಬಹುಭಾಗ ಲೋಕವೆಲ್ಲ ಹಾಗೆಯೇ ತಿಳಿದಿತ್ತು. ಆದರೂ ಅದೇ ಶತಮಾನದಲ್ಲಿ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಆ ಹಕ್ಕು ಇಷ್ಟಿಷ್ಟಾಗಿ ನರ್ಸುಗಳ ಕೈಗೂ ಬಂದಿತು. ಯಾರೂ ಅದನ್ನು ಹರಿವಾಣದಲ್ಲಿಟ್ಟು ಕೊಡಲಿಲ್ಲ. ಅದು ಬಂದ ಬಗೆಯೇ ಒಂದು ಕಥೆ.

ಅಮೆರಿಕದ ಕೆಂಟಕಿ ಸಂಸ್ಥಾನದ ಪೂರ್ವಭಾಗ ಬೆಟ್ಟಗಾಡು. 1925ನೆಯ ಇಸವಿಯಲ್ಲಿ ಅಲ್ಲಿ ರಸ್ತೆಯೆಂಬುದು ಇಲ್ಲವೆಂದೇ ಹೇಳಬೇಕು. ಹಳ್ಳದ ಪಾತ್ರವೇ ದಾರಿ, ಕುದುರೆಯೇ ವಾಹನ. ಆ ನಾಡಿಗೆ ಆ ವರ್ಷ ಮೇರಿ ಬ್ರೆಕಿನ್‌ರಿಜ್ ಎಂಬ ನರ್ಸು ಬಂದು ನೆಲೆಸಿದಳು. ದೊಡ್ಡ ಮನೆತನದವಳು, ಅವಳ ತಾತ ಅಮೆರಿಕದ ಉಪಾಧ್ಯಕ್ಷನಾಗಿದ್ದವನು. ಆದರೆ ಅವಳನ್ನು ಅಲ್ಲಿಗೆ ಕರೆತಂದದ್ದು ಮನೆತನವಲ್ಲ, ದುಃಖ. ಹುಟ್ಟಿದ ಹೆಣ್ಣು ಕೂಸೊಂದು ಗಳಿಗೆಗಳಲ್ಲೇ ಹೋಯಿತು. ಗಂಡು ಮಗ ನಾಲ್ಕು ವರ್ಷದವನಾಗಿ 1918ರಲ್ಲಿ ತೀರಿಕೊಂಡ. ಮೊದಲ ಮಹಾಯುದ್ಧದ ತರುವಾಯ ಫ್ರಾನ್ಸಿನಲ್ಲಿ ಸೇವೆಮಾಡಿ, ಲಂಡನ್ನಿನಲ್ಲಿ ಸೂಲಗಿತ್ತಿಯ ವಿದ್ಯೆ ಕಲಿತು, ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿಯೂ ದ್ವೀಪಗಳಲ್ಲಿಯೂ ವೈದ್ಯಸೇವೆ ನಡೆಯುವ ಬಗೆಯನ್ನು ಕಣ್ಣಾರೆ ನೋಡಿಕೊಂಡು ಅವಳು ಕೆಂಟಕಿಗೆ ಬಂದಳು. ಮುಂದೆ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಎಂದು ಹೆಸರಾದ ಸಂಸ್ಥೆ ಹುಟ್ಟಿದ್ದು ಹೀಗೆ.

ಅವಳ ನರ್ಸುಗಳು ಕುದುರೆ ಏರಿ, ಜೀನಿನ ಎರಡು ಮಗ್ಗುಲಿಗೂ ಚೀಲ ತೂಗಹಾಕಿಕೊಂಡು, ಮಳೆಯೆನ್ನದೆ ಹಿಮವೆನ್ನದೆ ಹೋಗುತ್ತಿದ್ದರು. ಚೀಲದಲ್ಲಿ ಹೆರಿಗೆಯ ಸಾಮಾನು, ಹತ್ತಿ, ಬ್ಯಾಂಡೇಜು, ಕೆಲವು ಔಷಧಗಳು. ಪ್ರಶ್ನೆ ಹುಟ್ಟಿದ್ದು ಈ ಕೊನೆಯ ವಸ್ತುವಿನಿಂದ. ಡಾಕ್ಟರು ಇರುವುದು ಒಂದು ದಿನದ ಹಾದಿಯಾಚೆ. ಮಗುವಿಗೆ ಜ್ವರ ಬಂದಿರುವುದು ಈ ರಾತ್ರಿ. ಚೀಲದಲ್ಲಿ ಮದ್ದಿದೆ, ಕೊಡುವ ಅಧಿಕಾರವಿಲ್ಲ. ಏನು ಮಾಡಬೇಕು? ಬ್ರೆಕಿನ್‌ರಿಜ್ ಇದಕ್ಕೆ ಒಂದು ಉಪಾಯ ಕಂಡಳು. ಲೆಕ್ಸಿಂಗ್ಟನ್ ಪಟ್ಟಣದ ಡಾಕ್ಟರುಗಳ ಒಂದು ಸಲಹಾ ಮಂಡಲಿಯಿಂದ ಪುಸ್ತಕವೊಂದನ್ನು ಬರೆಯಿಸಿದಳು. ಇಂಥ ಲಕ್ಷಣ ಕಂಡರೆ ಇಂಥ ಔಷಧ, ಇಷ್ಟು ಪ್ರಮಾಣ. ಇಂಥದು ಕಂಡರೆ ನೀನು ಕೈಹಾಕಬೇಡ, ಡಾಕ್ಟರಿಗೆ ಹೇಳಿಕಳುಹಿಸು. ಇದಕ್ಕೆ ‘ಮೆಡಿಕಲ್ ರುಟೀನ್ಸ್’ ಎಂದು ಹೆಸರು. ಪ್ರತಿಯೊಬ್ಬ ನರ್ಸಿನ ಚೀಲದಲ್ಲಿಯೂ ಇದು ಇರುತ್ತಿತ್ತು. ರುಜು ಡಾಕ್ಟರದೇ, ಆದರೆ ಕಾಯಿಲೆ ಬರುವ ಮೊದಲೇ ಹಾಕಿಟ್ಟ ರುಜು! ಕಾನೂನಿಗೂ ಚ್ಯುತಿಯಿಲ್ಲ, ಮಗುವಿಗೂ ಮದ್ದು ಸಿಕ್ಕಿತು.

ಇದರ ಫಲವನ್ನು ಬೇರೆಯವರು ಪರೀಕ್ಷಿಸಬೇಕೆಂಬ ಹಟವೂ ಆಕೆಗಿತ್ತು. ಮೊದಲ ಒಂದು ಸಾವಿರ ಹೆರಿಗೆಗಳ ದಾಖಲೆಯನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಿಮಾ ಕಂಪೆನಿಯ ಅಂಕಿಸಂಖ್ಯಾಶಾಸ್ತ್ರಜ್ಞ ಲೂಯಿ ಡಬ್ಲಿನ್ನನ ಮುಂದಿಟ್ಟಳು. ವಿಮಾ ಕಂಪೆನಿಯವರು ಸಾವಿನ ಲೆಕ್ಕದಲ್ಲಿ ದಾಕ್ಷಿಣ್ಯ ತೋರಿಸುವವರಲ್ಲ. ಆ ಸಾವಿರದಲ್ಲಿ ಬಸಿರು ಬಾಣಂತನಗಳೇ ನೇರ ಕಾರಣವಾಗಿ ಸತ್ತ ತಾಯಿ ಒಬ್ಬಳೂ ಇಲ್ಲವೆಂದು ಅವನು ಕಂಡುಕೊಂಡನು.

ಬ್ರೆಕಿನ್‌ರಿಜ್ 1965ರಲ್ಲಿ ತೀರಿಕೊಂಡಳು. ಕಾಕತಾಳೀಯವೆನ್ನೋಣ, ಅದೇ ವರ್ಷ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರೂ ಕೂಡಿ ಹೊಸದೊಂದು ಶಿಕ್ಷಣವನ್ನು ಆರಂಭಿಸಿದರು. ಅನುಭವವಿದ್ದ ನರ್ಸುಗಳಿಗೆ ಮಕ್ಕಳನ್ನು ಪರೀಕ್ಷಿಸುವುದು, ಸಾಮಾನ್ಯ ಕಾಯಿಲೆಗಳನ್ನು ಗುರುತಿಸುವುದು, ಯಾವುದು ತಮ್ಮ ಕೈಮೀರಿದ್ದೆಂದು ತಿಳಿಯುವುದು, ಇವನ್ನು ಕಲಿಸುವ ಶಿಕ್ಷಣ ಅದು. ‘ನರ್ಸ್ ಪ್ರ್ಯಾಕ್ಟಿಷನರ್’ ಎಂಬ ಹೆಸರು ಅಲ್ಲಿಂದ ಹೊರಟಿತು. ಇದಕ್ಕೆ ಡಾಕ್ಟರುಗಳ ವಿರೋಧ ಬಂದದ್ದು ಆಶ್ಚರ್ಯವಲ್ಲ. ನರ್ಸುಗಳ ವಿರೋಧವೂ ಬಂದಿತೆಂಬುದೇ ವಿಚಿತ್ರ. ನರ್ಸಿಂಗ್ ವಿದ್ಯೆಯ ದೊಡ್ಡ ಪಂಡಿತೆ ಮಾರ್ಥಾ ರೋಜರ್ಸ್, ಇದು ನಮ್ಮ ವೃತ್ತಿಯನ್ನು ಬಿಟ್ಟು ಡಾಕ್ಟರ ಬಾಲ ಹಿಡಿಯುವ ಕೆಲಸವೆಂಬಂತೆ ಎದುರಾಡಿದಳು. ಫೋರ್ಡ್ ಎರಡು ಕಡೆಯ ಮಾತನ್ನೂ ಕೇಳಿಸಿಕೊಂಡು ತನ್ನ ಕೆಲಸ ಮುಂದುವರಿಸಿದಳು. ಆಕೆ 2025ರ ಜನವರಿಯಲ್ಲಿ ನೂರನಾಲ್ಕು ವರ್ಷದ ವೃದ್ಧೆಯಾಗಿ ಕಾಲವಾದಳು. ಅಷ್ಟರಲ್ಲಿ ಆ ಹೆಸರಿನವರು ಅಮೆರಿಕದಲ್ಲಿ ಲಕ್ಷಗಟ್ಟಲೆ ಆಗಿದ್ದರು.

ಕಾನೂನು ಮಾತ್ರ ಕುಂಟುತ್ತ ಹಿಂದೆ ಬಂದಿತು. ನರ್ಸುಗಳು ರೋಗನಿರ್ಣಯ ಮಾಡಿ ಚಿಕಿತ್ಸೆ ಕೊಡಬಹುದೆಂದು ಮೊದಲು ಒಪ್ಪಿದ್ದು ಐಡಹೊ ಸಂಸ್ಥಾನ, 1971ರಲ್ಲಿ. ಉಳಿದವು ತಮತಮಗೆ ತೋಚಿದಂತೆ ನಡೆದವು. ಇಂದಿಗೂ ಅಲ್ಲಿ ಒಂದು ಸಂಸ್ಥಾನದಲ್ಲಿ ನರ್ಸು ಸ್ವತಂತ್ರವಾಗಿ ಔಷಧ ಬರೆಯಬಹುದು. ಗಡಿ ದಾಟಿದರೆ ಡಾಕ್ಟರೊಡನೆ ಒಪ್ಪಂದದ ಪತ್ರ ಬೇಕು.

ಮಿಸ್ಸೂರಿ ಸಂಸ್ಥಾನದಲ್ಲಿ ಈ ಜಗಳ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು. ಅಲ್ಲಿ ಬಡವರಿಗಾಗಿ ನಡೆಯುತ್ತಿದ್ದ ಕುಟುಂಬಯೋಜನೆಯ ಚಿಕಿತ್ಸಾಲಯಗಳಲ್ಲಿ ಇಬ್ಬರು ನರ್ಸುಗಳು ಹೆಂಗಸರನ್ನು ಪರೀಕ್ಷಿಸಿ, ಡಾಕ್ಟರುಗಳು ಬರೆದುಕೊಟ್ಟಿದ್ದ ನಿಯಮಪತ್ರದ ಮೇರೆಗೆ ಗರ್ಭನಿರೋಧದ ಔಷಧಗಳನ್ನು ಕೊಡುತ್ತಿದ್ದರು. ಕೆಂಟಕಿಯ ಪುಸ್ತಕದ ಮೊಮ್ಮಗು ಎನ್ನಬಹುದಾದ ವ್ಯವಸ್ಥೆ. ಆ ಸಂಸ್ಥಾನದ ವೈದ್ಯಮಂಡಲಿ, ಇದು ಪರವಾನಗಿಯಿಲ್ಲದ ವೈದ್ಯವೃತ್ತಿ, ನರ್ಸುಗಳು ಅಪರಾಧಿಗಳು, ಅವರಿಗೆ ನೆರವಾದ ಐವರು ಡಾಕ್ಟರುಗಳೂ ಅಪರಾಧಿಗಳು ಎಂದು ಎಚ್ಚರಿಸಿತು. ಯಾವ ರೋಗಿಗೂ ಅಪಾಯವಾಗಿತ್ತೆಂದು ಯಾರೂ ಹೇಳಲಿಲ್ಲ. ಆಕ್ಷೇಪಣೆ ಇದ್ದದ್ದು ಕೈಯ ಬಗ್ಗೆ, ಕೈಗುಣದ ಬಗ್ಗೆ ಅಲ್ಲ. ಕೆಳಗಿನ ನ್ಯಾಯಾಲಯ ಮಂಡಲಿಯ ಪಕ್ಷ ವಹಿಸಿತು. ಡಾಕ್ಟರುಗಳೂ ನರ್ಸುಗಳೂ ಒಟ್ಟಾಗಿ ಮೇಲಕ್ಕೆ ಹೋದರು. 1983ರಲ್ಲಿ ಮಿಸ್ಸೂರಿಯ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಸರ್ಮ್‌ಚೀಫ್ ಮೊಕದ್ದಮೆಯೆಂದು ಅದು ಪ್ರಸಿದ್ಧ. 1975ರ ನರ್ಸಿಂಗ್ ಕಾಯಿದೆ ‘ಡಾಕ್ಟರ ನೇರ ಮೇಲ್ವಿಚಾರಣೆ’ ಎಂಬ ಹಳೆಯ ಕಟ್ಟನ್ನು ತೆಗೆದುಹಾಕಿರುವುದನ್ನು ನ್ಯಾಯಾಧೀಶರು ಎತ್ತಿ ತೋರಿಸಿದರು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು: ತನ್ನ ತಿಳಿವಳಿಕೆಯ ಎಲ್ಲೆ ಎಲ್ಲಿದೆಯೆಂದು ತಿಳಿದಿರುವುದೇ ವೃತ್ತಿಯಲ್ಲಿ ನುರಿತವರ ಗುರುತು ಎಂಬ ಅರ್ಥದ ಮಾತು. ಈ ಇಡೀ ಜಗಳದಲ್ಲಿ ಇದಕ್ಕಿಂತ ಹದವಾದ ಮಾತನ್ನು ಯಾರೂ ಆಡಿದಂತೆ ನನಗೆ ಕಾಣದು.

ಇತ್ತ ಇಂಗ್ಲೆಂಡಿನಲ್ಲಿ ಬೆಟ್ಟವಿಲ್ಲ, ಕುದುರೆಯಿಲ್ಲ, ಬೀದಿಬೀದಿಗೆ ಡಾಕ್ಟರು. ಅಲ್ಲಿನ ತೊಡಕೇ ಬೇರೆ. ಡಿಸ್ಟ್ರಿಕ್ಟ್ ನರ್ಸು ಮುದುಕಿಯೊಬ್ಬಳ ಮನೆಗೆ ಹೋಗುತ್ತಾಳೆ. ಮುದುಕಿಯ ಕಾಲಿನಲ್ಲಿ ತಿಂಗಳುಗಟ್ಟಲೆ ಮಾಯದ ವ್ರಣ. ಯಾವ ಬ್ಯಾಂಡೇಜು ಕಟ್ಟಬೇಕೆಂಬುದು ನರ್ಸಿಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತು. ದಿನಾ ಕಟ್ಟುವವಳು ಅವಳೇ ತಾನೆ? ಆದರೂ ಆ ಬ್ಯಾಂಡೇಜಿಗೆ ಡಾಕ್ಟರ ಚೀಟಿ ಬೇಕು. ಆಕೆ ಹಿಂದಿರುಗಿ, ಡಾಕ್ಟರ ಬಾಗಿಲಲ್ಲಿ ಕಾದು, ತಾನೇ ಹೇಳಿ ಬರೆಯಿಸಿದ ಚೀಟಿಗೆ ರುಜು ಹಾಕಿಸಿಕೊಂಡು, ಔಷಧದಂಗಡಿಗೆ ಹೋಗಿ, ಮತ್ತೆ ಮುದುಕಿಯ ಮನೆಗೆ ಬರಬೇಕು. ಡಾಕ್ಟರು ರೋಗಿಯನ್ನು ನೋಡಿಯೇ ಇಲ್ಲ. ನೋಡಿದವಳು ರುಜು ಹಾಕುವಂತಿಲ್ಲ. ಮುದುಕಿಯ ಕಾಲು ಮಾತ್ರ ಇಬ್ಬರಿಗಾಗಿಯೂ ಕಾದಿರಬೇಕು.

1986ರಲ್ಲಿ ಜೂಲಿಯಾ ಕಂಬರ್ಲೆಜ್ ಅವರ ಅಧ್ಯಕ್ಷತೆಯ ಸಮಿತಿ ಈ ಪೇಚಾಟವನ್ನು ಸರ್ಕಾರದ ಕಣ್ಣಿಗೆ ತಂದಿತು: ನರ್ಸುಗಳಿಗೆ ಚಿಕ್ಕದೊಂದು ಪಟ್ಟಿಯ ಮಟ್ಟಿಗಾದರೂ ಔಷಧ ಬರೆಯುವ ಹಕ್ಕು ಕೊಡಿ ಎಂದಿತು. 1989ರಲ್ಲಿ ಡಾಕ್ಟರ್ ಜೂನ್ ಕ್ರೌನ್ ಅವರ ಸಮಿತಿ ಅದನ್ನು ಎತ್ತಿಹಿಡಿಯಿತು. ಸರ್ಕಾರಕ್ಕೆ ಅವಸರವಿರಲಿಲ್ಲ. ರೋಜರ್ ಸಿಮ್ಸ್ ಎಂಬ ಪಾರ್ಲಿಮೆಂಟ್ ಸದಸ್ಯರು ತಂದ ಖಾಸಗಿ ಮಸೂದೆಯಿಂದ 1992ರಲ್ಲಿ ಕಾಯಿದೆಯಾಯಿತು. ಕಾಯಿದೆ ಕಾರ್ಯಕ್ಕೆ ಬಂದದ್ದು 1994ರಲ್ಲಿ, ಅದೂ ಪರೀಕ್ಷಾರ್ಥವಾಗಿ ಎಂಟೇ ಕಡೆ. ಪಟ್ಟಿಯಲ್ಲಿದ್ದುದಾದರೂ ಏನು? ಬ್ಯಾಂಡೇಜು, ಮಲಬದ್ಧತೆಯ ಮದ್ದು, ಹೇನಿನ ಔಷಧ, ಪ್ಯಾರಸಿಟಮಾಲ್ ಗುಳಿಗೆ, ಇಂಥವು. ಇಷ್ಟಕ್ಕೆ ಎಂಟು ವರ್ಷ! ನಮ್ಮ ಕಚೇರಿಗಳನ್ನು ಬೈಯುವವರು ಇದನ್ನು ನೆನೆದು ಸಮಾಧಾನಪಟ್ಟುಕೊಳ್ಳಬಹುದು.

2002ರಲ್ಲಿ ಪಟ್ಟಿ ಹಿಗ್ಗಿತು. ಪಟ್ಟಿಯೇನೋ ಒಳ್ಳೆಯ ಬೇಲಿ. ಆದರೆ ಕಾಯಿಲೆಗಳು ಬೇಲಿ ನೋಡಿ ಬರುವುದಿಲ್ಲ. ಅದೇ ಔಷಧವನ್ನು ಒಂದು ಕಾಯಿಲೆಗೆ ಬರೆಯಬಹುದು, ಇನ್ನೊಂದಕ್ಕೆ ಕೂಡದು ಎಂಬಂಥ ಇಕ್ಕಟ್ಟುಗಳು ಹುಟ್ಟಿದವು. ಕೊನೆಗೆ 2006ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಪಟ್ಟಿಯನ್ನೇ ತೆಗೆದುಹಾಕಿದರು. ತಕ್ಕ ಶಿಕ್ಷಣ ಪಡೆದ ನರ್ಸು, ಅಮಲಿನ ಹತೋಟಿಯ ಔಷಧಗಳಲ್ಲಿ ಬಹುಪಾಲನ್ನು ಬಿಟ್ಟು, ತನ್ನ ಬಲ್ಲತನದೊಳಗೆ ಯಾವುದನ್ನಾದರೂ ಬರೆಯಬಹುದೆಂದಾಯಿತು. ಬಿಟ್ಟಿದ್ದ ಔಷಧಗಳಲ್ಲಿಯೂ ಹೆಚ್ಚಿನವು 2012ರಲ್ಲಿ ಸೇರಿದವು. ಬೇಲಿ ಹೋಗಿ ಅವಳವಳ ತಿಳಿವಳಿಕೆಯೇ ಎಲ್ಲೆಯಾಯಿತು. ಮಿಸ್ಸೂರಿಯ ನ್ಯಾಯಾಧೀಶರು ಹೇಳಿದ್ದೂ ಇದನ್ನೇ ಅಲ್ಲವೆ?

ಬ್ರಿಟಿಷ್ ವೈದ್ಯಸಂಘ ಇದನ್ನು ಬಲವಾಗಿ ವಿರೋಧಿಸಿತು. ಅದು ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ. ಔಷಧ ಬರೆಯುವುದೆಂದರೆ ಹೆಸರು ಬರೆಯುವುದಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿರುವ ಮುದುಕನಿಗೆ, ಕೆಮ್ಮು ಕಫವೆಂದು ಕೆಲವು ಬಗೆಯ ಆಂಟಿಬಯಾಟಿಕ್ ಕೊಟ್ಟರೆ ಒಳಗೆ ರಕ್ತ ಸುರಿದೀತು. ಮಂಡಿನೋವೆಂದು ಕೊಟ್ಟ ಐಬುಪ್ರೊಫೆನ್, ಮೂತ್ರಪಿಂಡ ಬಡವಾದವನಿಗೆ ಅದನ್ನು ಇನ್ನಷ್ಟು ಕೆಡಿಸೀತು. ಎರಡೂ ಗುಳಿಗೆಗಳು ಬೇರೆಬೇರೆಯಾಗಿ ಸಾಧುಗಳು. ಒಂದೇ ಹೊಟ್ಟೆಯಲ್ಲಿ ಕೂಡಿದಾಗ ವೈರಿಗಳು. ಇದನ್ನು ತಿಳಿಯದ ಕೈ ರುಜು ಹಾಕಬಾರದು ಎಂದ ಡಾಕ್ಟರುಗಳ ಮಾತು ಸರಿಯೇ. ಅವರು ಎಡವಿದ್ದು ಇನ್ನೊಂದು ಕಡೆ: ಡಾಕ್ಟರ ಕೈಯೆಂದಮಾತ್ರಕ್ಕೆ ಅದಕ್ಕೆ ಇದೆಲ್ಲ ತಿಳಿದೇ ಇರುತ್ತದೆಂದು ನಂಬಿದ್ದರಲ್ಲಿ.

ಇದನ್ನು ತೂಗಿನೋಡಿದವರೂ ಇದ್ದಾರೆ. ಕೆನಡದ ಬರ್ಲಿಂಗ್ಟನ್ ಎಂಬ ಊರಿನಲ್ಲಿ 1971–72ರಲ್ಲಿ ಒಂದು ಪರೀಕ್ಷೆ ನಡೆಯಿತು. ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಕೆಲವನ್ನು ಡಾಕ್ಟರುಗಳ ಕಡೆಗೂ ಕೆಲವನ್ನು ನರ್ಸ್ ಪ್ರ್ಯಾಕ್ಟಿಷನರುಗಳ ಕಡೆಗೂ ಕಳುಹಿಸಿದರು. ವರ್ಷ ಕಳೆದ ಮೇಲೆ ಎರಡು ಕಡೆಯವರ ಆರೋಗ್ಯದಲ್ಲಿಯೂ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಬರೆದ ಔಷಧಗಳನ್ನೂ ಒರೆಗೆ ಹಚ್ಚಿದರು. ಸಮರ್ಪಕವೆನಿಸಿದವು ಡಾಕ್ಟರುಗಳ ಕಡೆ ನೂರಕ್ಕೆ 75, ನರ್ಸುಗಳ ಕಡೆ 71. ನರ್ಸುಗಳ ವಿರೋಧಿಗಳು ಆ ನಾಲ್ಕರ ಅಂತರವನ್ನು ತೋರಿಸಬಹುದು. ನನಗೆ ಬೆರಗಾದದ್ದು ಡಾಕ್ಟರುಗಳ ಕಡೆ ಉಳಿದ ಇಪ್ಪತ್ತೈದು! 2000ದಲ್ಲಿ ನ್ಯೂಯಾರ್ಕಿನಲ್ಲಿ ಮೇರಿ ಮುಂಡಿಂಜರ್ ಮತ್ತು ಸಂಗಡಿಗರು 1316 ರೋಗಿಗಳನ್ನು ಹೀಗೆಯೇ ಹಂಚಿ ನೋಡಿ ಪ್ರಕಟಿಸಿದ ಫಲವೂ ಇದೇ ಬಗೆಯದು. 2016ರಲ್ಲಿ ಕಾಕ್ರೇನ್ ಸಂಸ್ಥೆಯವರು ನರ್ಸುಗಳೂ ಔಷಧತಜ್ಞರೂ ಬರೆದ ಚಿಕಿತ್ಸೆಯ ಬಗ್ಗೆ 46 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗಲೂ ರಕ್ತದ ಒತ್ತಡ, ಸಕ್ಕರೆ ಕಾಯಿಲೆ ಮುಂತಾದವುಗಳ ಹತೋಟಿಯಲ್ಲಿ ಅವರು ಡಾಕ್ಟರುಗಳಿಗೆ ಸರಿದೊರೆಯಾಗಿಯೇ ಕಂಡರು.

ಇದು ತಾನಾಗಿ ಆದದ್ದಲ್ಲ. ಇಂಗ್ಲೆಂಡಿನ ನರ್ಸಿಂಗ್ ಮಂಡಲಿ 2006ರಲ್ಲಿ ಗೊತ್ತುಮಾಡಿದ ನಿಯಮಗಳನ್ನು ನೋಡಬೇಕು. ಇಪ್ಪತ್ತಾರು ದಿನ ಪಾಠ, ಹನ್ನೆರಡು ದಿನ ಡಾಕ್ಟರೊಬ್ಬರ ಎದುರಿನಲ್ಲಿ ಅಭ್ಯಾಸ. ಔಷಧಶಾಸ್ತ್ರದಲ್ಲಿ ನೂರಕ್ಕೆ ಎಂಬತ್ತು ಬರದಿದ್ದರೆ ನಪಾಸು. ಲೆಕ್ಕದಲ್ಲಿ ಮಾತ್ರ ನೂರಕ್ಕೆ ನೂರೇ ಬೇಕು. ತೊಂಬತ್ತೊಂಬತ್ತು ಬಂದರೂ ಸಾಲದು! ಕಠಿನವೆಂದು ತೋರಬಹುದು, ಆದರೆ ದಶಾಂಶದ ಚುಕ್ಕೆಯೊಂದು ಒಂದು ಮನೆ ಅತ್ತ ಸರಿದರೆ ಮದ್ದು ಹತ್ತುಪಟ್ಟಾಗುತ್ತದೆ. ಸಾಧ್ಯವಾದ ಮಟ್ಟಿಗೆ ಬರೆದವಳೇ ಔಷಧವನ್ನು ಎತ್ತಿಕೊಡಬಾರದೆಂದೂ ಕಟ್ಟಳೆ ಮಾಡಿದರು. ಎರಡನೆಯ ಜೊತೆ ಕಣ್ಣು ನೋಡಲಿ ಎಂದು.

ನಮ್ಮ ದೇಶದಲ್ಲಿ ಚೀಟಿಗೆ ಬೆಲೆ ಬರುವುದು ಇಂದಿಗೂ ನೋಂದಾಯಿತ ವೈದ್ಯರ ರುಜುವಿನಿಂದ. 1945ರ ಔಷಧ ನಿಯಮಗಳ ಕಾಲದಿಂದ ಬಂದ ಪದ್ಧತಿ ಅದು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆ, ಪ್ರಾಥಮಿಕ ಚಿಕಿತ್ಸೆಯಲ್ಲಿ ಗೊತ್ತುಮಾಡಿದ ಕೆಲವು ಔಷಧಗಳನ್ನು ಬರೆಯಲು ಡಾಕ್ಟರಲ್ಲದವರಿಗೂ ಸೀಮಿತ ಪರವಾನಗಿ ಕೊಡಬಹುದೆಂದು ತನ್ನ ಮೂವತ್ತೆರಡನೆಯ ವಿಧಿಯಲ್ಲಿ ಹೇಳಿದಾಗ ಡಾಕ್ಟರುಗಳು ಬೀದಿಗಿಳಿದರು. ಇತ್ತ 2018ರಿಂದ ಕರ್ನಾಟಕದ ಹಳ್ಳಿಗಳ ಉಪಕೇಂದ್ರಗಳಲ್ಲಿಯೂ ನರ್ಸಿಂಗ್ ಓದಿದವರು ಸಮುದಾಯ ಆರೋಗ್ಯ ಅಧಿಕಾರಿಗಳೆಂಬ ಹೆಸರಿನಲ್ಲಿ ಬಂದು ಕುಳಿತಿದ್ದಾರೆ. ರಕ್ತದ ಒತ್ತಡದ ಗುಳಿಗೆಯನ್ನು ಮೊದಲು ಬರೆಯುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು. ಆಮೇಲೆ ಪ್ರತಿ ತಿಂಗಳೂ ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿ, ಒತ್ತಡ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಗುಳಿಗೆ ಎಣಿಸಿಕೊಡುವವರು ಇವರು. ಒತ್ತಡ ಇಳಿಯದೆ ಗುಳಿಗೆ ಬದಲಿಸಬೇಕಾಗಿ ಬಂದರೆ ವೀಡಿಯೋ ಕರೆಯಲ್ಲಿ ಡಾಕ್ಟರನ್ನು ಹುಡುಕುತ್ತಾರೆ. ಅವರು ಸಿಗುವತನಕ ಅಜ್ಜಿ ಬೆಂಚಿನ ಮೇಲೆ ಕುಳಿತಿರುತ್ತಾಳೆ.