ವಾದ, ಜಲ್ಪ, ವಿತಂಡ

ದನಿ ಏರಿದರೆ ಜಗಳ, ಇಳಿದರೆ ಚರ್ಚೆ ಎಂದು ವಿಂಗಡಿಸುವುದು ಇಂದಿನ ರೂಢಿ. ಭಾರತೀಯ ತರ್ಕಶಾಸ್ತ್ರ ಮಾತಿಗಿಳಿದವರ ಉದ್ದೇಶವನ್ನು ಅಳತೆಗೋಲು ಮಾಡಿಕೊಂಡಿತು. ಅದೇ ಹೆಚ್ಚು ಗಟ್ಟಿಯಾದ ಅಳತೆ. ಗೌತಮನ ನ್ಯಾಯಸೂತ್ರದ ಪ್ರಕಾರ ಪ್ರಮಾಣ, ತರ್ಕಗಳ ಬಲದಿಂದ ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಛಲ (ಎದುರಾಳಿಯ ಮಾತಿನ ಅರ್ಥ ತಿರುಚುವುದು), ಜಾತಿ (ಹುಸಿ ಹೋಲಿಕೆಯ ಆಕ್ಷೇಪ) ಇಂಥ ಪಟ್ಟುಗಳನ್ನೂ ಹಾಕಿ ಗೆಲ್ಲಹೊರಡುವುದು ಜಲ್ಪ. ತನ್ನ ಪಕ್ಷವನ್ನು ನಿಲ್ಲಿಸದೆ ಎದುರಾಳಿಯದನ್ನು ಕೆಡವುವುದಷ್ಟೇ ವಿತಂಡ. ಚರಕಸಂಹಿತೆಯೂ ವೈದ್ಯರ ಮಾತುಕತೆಯನ್ನು ಸ್ನೇಹದ ಸಂಧಾಯ ಸಂಭಾಷೆ, ಸೆಣಸಾಟದ ವಿಗೃಹ್ಯ ಸಂಭಾಷೆ ಎಂದು ಎರಡಾಗಿ ಒಡೆಯುತ್ತದೆ. ಈ ಪರಿಭಾಷೆಯನ್ನು ಒಂದೆಡೆ ಕಲೆಹಾಕಿದ 'ನ್ಯಾಯಕೋಶ' ವಿಜಯಪುರ ಸೀಮೆಯ ಝಳಕಿ ಮನೆತನದ ಭೀಮಾಚಾರ್ಯರದು. ಅದರ ಪರಿಷ್ಕೃತ ಆವೃತ್ತಿ 1928ರಲ್ಲಿ ಪುಣೆಯ ಭಂಡಾರಕರ್ ಸಂಸ್ಥೆಯಿಂದ ಹೊರಬಂತು.

ಉದ್ದೇಶದ ಅಳತೆಗೋಲನ್ನು ಒಂದು ಶಾಸನಕ್ಕೆ ಹಿಡಿದು ನೋಡೋಣ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಜೈನಾಚಾರ್ಯ ಸಮಂತಭದ್ರ ಪಾಟಲಿಪುತ್ರ, ಮಾಳವ, ಕಂಚಿಗಳಲ್ಲಿ ವಾದಭೇರಿ ಹೊಡೆದು ಕರಹಾಟಕಕ್ಕೆ ಬರುತ್ತಾನೆ. ಕರಹಾಟಕವೆಂದರೆ ಕೃಷ್ಣಾ-ಕೊಯ್ನಾ ಸಂಗಮದಲ್ಲಿರುವ ಇಂದಿನ ಕರಾಡ. ಸಮಂತಭದ್ರನ ಕಾಲಕ್ಕೂ ಶಾಸನಕ್ಕೂ ನಡುವೆ ಶತಮಾನಗಳ ಅಂತರವಿದೆ. ಹಾಗಾಗಿ ಅದು ಅವನ ದಿಗ್ವಿಜಯಕ್ಕಿಂತ ಹನ್ನೆರಡನೆಯ ಶತಮಾನದವರು ಯಾವುದನ್ನು ಮೆಚ್ಚುತ್ತಿದ್ದರು ಎಂಬುದಕ್ಕೇ ಒಳ್ಳೆಯ ಸಾಕ್ಷಿ. ಭೇರಿ ಹೊಡೆದು ಕರೆದದ್ದು ಪಂಥಕ್ಕೆ. ಹೆಸರು ವಾದವಾದರೂ ಲಕ್ಷಣ ಜಲ್ಪದ್ದು. ತನ್ನ ಮತವೇ ಸತ್ಯವೆಂದು ನಂಬಿದವನ ಹೋರಾಟವೂ ಸತ್ಯಾನ್ವೇಷಣೆಯೇ ಅಲ್ಲವೇ ಎಂದು ಕೇಳಬಹುದು. ನಂಬಿಕೆ ಎಷ್ಟೇ ಪ್ರಾಮಾಣಿಕವಿರಲಿ, ಸೋತರೆ ತಿದ್ದಿಕೊಳ್ಳುವುದಕ್ಕೆ ಬಂದವನು ಊರೂರಲ್ಲಿ ಭೇರಿ ಹೊಡೆಯುವುದಿಲ್ಲ.

ಹಾಗೆಂದು ಜಲ್ಪ ಕೀಳಾಗಬೇಕಿಲ್ಲ. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು 'ಕಥಾಲಕ್ಷಣ' ಎಂಬ ಪುಟ್ಟ ಕೃತಿಯಲ್ಲಿ ಕೀರ್ತಿಗಾಗಿ ಇಲ್ಲವೇ ಸ್ಪರ್ಧೆಯಿಂದ ಸಜ್ಜನರ ನಡುವೆಯೇ ನಡೆಯುವ ಕಥೆಯನ್ನು, ಅಂದರೆ ಚರ್ಚೆಯನ್ನು, ಜಲ್ಪವೆಂದರು. ಗುರುಶಿಷ್ಯರ ತತ್ತ್ವನಿರ್ಣಯವನ್ನು ವಾದದಲ್ಲಿ ಸೇರಿಸಿದರು. ತೀರ್ಪುಗಾರರಾದ ಪ್ರಾಶ್ನಿಕರು ರಾಗದ್ವೇಷವಿಲ್ಲದವರಾಗಿರಬೇಕು, ಒಬ್ಬರೇ ಇರಬೇಕು ಅಥವಾ ಬೆಸ ಸಂಖ್ಯೆಯಲ್ಲಿರಬೇಕು ಎಂಬ ನಿಯಮವನ್ನೂ ಹೇಳಿದರು. ಮತ ಸಮನಾಗಿ ಸೀಳಿ ಸಭೆ ಕೂತಲ್ಲೇ ಕೂರುವ ಫಜೀತಿಯನ್ನು ಬಲ್ಲವರ ಎಚ್ಚರಿಕೆಯಿದು! ಎಡವಟ್ಟಾಗುವುದು ವಿತಂಡದಲ್ಲಿ. ಸಜ್ಜನರು ತಮ್ಮ ತತ್ತ್ವವನ್ನು ಮರೆಮಾಡಿ ಇತರರೊಡನೆ ನಡೆಸುವುದು ವಿತಂಡವೆಂದು ಅವರ ಲಕ್ಷಣ. ಎದುರಾಳಿಗೆ ತಿಳಿಯುವ ಮನಸ್ಸೇ ಇಲ್ಲದಾಗ ತತ್ತ್ವವನ್ನು ಬಿಚ್ಚಿಡುವುದು ವ್ಯರ್ಥವೆಂಬ ಸಮರ್ಥನೆ ಒಪ್ಪತಕ್ಕದ್ದೇ. ಆದರೆ ಅಲ್ಲಿ ಅಳತೆಗೋಲು ಉದ್ದೇಶದಿಂದ ಜಾರಿ ವ್ಯಕ್ತಿಯ ಯೋಗ್ಯತೆಗೆ ಬಂತು. ಎದುರಿಗಿರುವವನು ಸಜ್ಜನನೋ ಅಲ್ಲವೋ ಎಂಬುದನ್ನು ಪ್ರಾಶ್ನಿಕರು ಕೂರುವ ಮೊದಲೇ ವಾದಿಯೊಬ್ಬನು ತೀರ್ಮಾನಿಸಿಬಿಟ್ಟಿರುತ್ತಾನೆ.