ಆಟಿಸಂ ಉಳ್ಳ ತರುಣರಿಗೆ ಲೋಕವ್ಯವಹಾರಶಿಕ್ಷಣ: ನೂರು ವರ್ಷಗಳ ಚರಿತ್ರೆ

೧

ಮಮ್ಮಟನು ತನ್ನ ‘ಕಾವ್ಯಪ್ರಕಾಶ’ದಲ್ಲಿ ವ್ಯಂಗ್ಯಾರ್ಥವನ್ನು ಸಮರ್ಥಿಸುವಾಗ, ಸೂರ್ಯನು ಮುಳುಗಿದನೆಂಬ ಅತ್ಯಂತ ಸಾಮಾನ್ಯವಾದ ವಾಕ್ಯವೊಂದನ್ನು ಉದಾಹರಿಸಿರುವನು. ಅದರ ವಾಚ್ಯಾರ್ಥವು ಎಲ್ಲರಿಗೂ ಒಂದೇ. ಆದರೆ ಕೂಲಿಯವನಿಗೆ ಅದು ಕೆಲಸ ನಿಲ್ಲಿಸೋಣವೆಂದೂ, ದನಗಾಹಿಗೆ ಹಸುಗಳನ್ನು ಮನೆಗೆ ಹೊಡೆಯಬೇಕೆಂದೂ, ಅನುಷ್ಠಾನಪರನಿಗೆ ಸಂಧ್ಯಾವಿಧಿಯನ್ನು ಆರಂಭಿಸಬೇಕೆಂದೂ ತೋರುವುದು. ಹೇಳುವವನು ಯಾರು, ಕೇಳುವವನು ಯಾರು, ಧ್ವನಿಯ ಏರಿಳಿತವೇನು, ದೇಶಕಾಲಗಳೇನು ಎಂಬುದನ್ನು ಅನುಸರಿಸಿ ಅರ್ಥವು ಹೊಳೆಯುವುದೆಂದು ಆಲಂಕಾರಿಕರ ಮತ.

ಕಾವ್ಯದ ಮಾತು ಹಾಗಿರಲಿ. ಲೋಕವ್ಯವಹಾರದ ಬಹುಭಾಗವೂ ಇಂಥ ಸೂಚನೆಗಳಿಂದಲೇ ನಡೆಯುತ್ತದೆ. ಬಹುಮಂದಿ ಇವನ್ನು ಯಾರೂ ಹೇಳಿಕೊಡದೆಯೇ ಬಾಲ್ಯದಲ್ಲಿ ಕಲಿಯುವರು. ಹಾಗೆ ತಾನಾಗಿ ಕಲಿಯಲಾರದವರೂ ಉಂಟು. ಆಟಿಸಂ ಉಳ್ಳವರಲ್ಲಿ ಅನೇಕರಿಗೆ ವಾಚ್ಯಾರ್ಥವು ನಿಚ್ಚಳವಾಗಿ ತಿಳಿದರೂ ಕಣ್ಣೋಟ, ಮೌನ, ಸ್ವರಭೇದ ಇವುಗಳಿಂದ ಇತರರು ಸೂಚಿಸುವುದು ಸುಲಭವಾಗಿ ತಿಳಿಯದು. ಶಾಲೆಯ ಪಾಠದಲ್ಲಿ ಎಲ್ಲರಿಗಿಂತ ಮುಂದಿರುವ ತರುಣನೂ ಈ ಕಾರಣದಿಂದ ಒಬ್ಬ ಗೆಳೆಯನೂ ಇಲ್ಲದೆ ಉಳಿಯುವುದುಂಟು. ಇಂಥವರಿಗೆ ವ್ಯವಹಾರವನ್ನು ಪಾಠದಂತೆ ಕಲಿಸುವ ಪ್ರಯತ್ನಕ್ಕೆ ಈಗ ಸುಮಾರು ನೂರು ವರ್ಷಗಳಾಗಿವೆ. ಮಾತಿನ ಅರ್ಥವು ಕೆಟ್ಟಾಗ ದೋಷವು ಯಾರದು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರವೇ ಆ ಶಿಕ್ಷಣದ ರೂಪವನ್ನು ನಿರ್ಣಯಿಸಿತೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಈ ಚರಿತ್ರೆಯ ಆರಂಭವನ್ನು ಸಾಮಾನ್ಯವಾಗಿ ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರನು ಹನ್ನೊಂದು ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದಲೂ, ೧೯೪೪ರಲ್ಲಿ ಹಾನ್ಸ್ ಆಸ್ಪರ್ಗರನು ವಿಯೆನ್ನಾದಲ್ಲಿ ಪ್ರಕಟಿಸಿದ ಪ್ರಬಂಧದಿಂದಲೂ ಎಣಿಸುವರು. ಆದರೆ ಅದಕ್ಕೂ ಮೊದಲೇ ಮಾಸ್ಕೋ ನಗರದಲ್ಲಿ ಗ್ರುನ್ಯಾ ಸುಖರೇವ ಎಂಬ ವೈದ್ಯೆಯು ಆರು ಮಂದಿ ಬಾಲಕರ ಸ್ವಭಾವವನ್ನು ವಿವರವಾಗಿ ವರ್ಣಿಸಿ, ೧೯೨೫ರಲ್ಲಿ ರಷ್ಯನ್ ಭಾಷೆಯಲ್ಲಿಯೂ ೧೯೨೬ರಲ್ಲಿ ಜರ್ಮನ್ ಭಾಷೆಯಲ್ಲಿಯೂ ಪ್ರಕಟಿಸಿದ್ದಳು. ಆಕೆಯ ಚಿಕಿತ್ಸಾಶಾಲೆಯಲ್ಲಿ ಅಂಗಸಾಧನೆ, ಸಂಗೀತ, ಚಿತ್ರಲೇಖನ, ಮರಗೆಲಸ ಇವುಗಳ ಮೂಲಕ ಮಕ್ಕಳನ್ನು ಇತರರೊಡನೆ ಬೆರೆಯಿಸುವ ಕ್ರಮವಿತ್ತು. ಈ ಬರಹವು ೧೯೯೬ರಲ್ಲಿ ಸೂಲಾ ವುಲ್ಫಳ ಇಂಗ್ಲಿಷ್ ಅನುವಾದ ಬರುವವರೆಗೆ ಬಹುಮಟ್ಟಿಗೆ ಮರೆತೇಹೋಗಿತ್ತು.

ವಿಯೆನ್ನಾದ ಮಕ್ಕಳ ಆಸ್ಪತ್ರೆಯ ಶಿಕ್ಷಣವಿಭಾಗವನ್ನು ೧೯೧೧ರಲ್ಲಿ ಸ್ಥಾಪಿಸಿದವನು ಎರ್ವಿನ್ ಲಾಜಾರ್. ಅಲ್ಲಿ ವಿಕ್ಟೋರೀನ್ ಜಾಕ್ ಎಂಬ ದಾದಿಯು ಆಟ, ಲಯಬದ್ಧವಾದ ವ್ಯಾಯಾಮ, ಪಾಠ ಇವುಗಳನ್ನು ನಡೆಸುತ್ತಿದ್ದಳು. ಆಸ್ಪರ್ಗರನ ಪ್ರಬಂಧದಲ್ಲಿ ಬೋಧನಕ್ರಮವನ್ನು ಕುರಿತ ಒಂದು ಮಾತು ಗಮನಾರ್ಹವಾದುದು. ಇಂಥ ಬಾಲಕನಿಗೆ ಆಜ್ಞೆ ಮಾಡುವಾಗ ಗುರುವು ಕೋಪತಾಪಗಳನ್ನು ಬದಿಗಿಟ್ಟು, ಅದನ್ನು ತನ್ನ ಇಚ್ಛೆಯೆಂದು ಹೇಳದೆ ಎಲ್ಲರಿಗೂ ಅನ್ವಯಿಸುವ ನಿಯಮವೆಂಬಂತೆ ಹೇಳಬೇಕೆಂದು ಅವನ ಅಭಿಪ್ರಾಯ. ಇಲ್ಲಿ ಮೊದಲು ಬದಲಾಗಬೇಕಾದವನು ಗುರುವೇ ಹೊರತು ಶಿಷ್ಯನಲ್ಲ.

ಆದರೆ ಈ ಗುಣವನ್ನು ಹೇಳಿ ಸುಮ್ಮನಾಗುವುದು ಚರಿತ್ರಕಾರನಿಗೆ ಧರ್ಮವಲ್ಲ. ನಾಜಿಗಳ ಆಳ್ವಿಕೆಯಲ್ಲಿ ಆಸ್ಪರ್ಗರನು ಕೆಲವು ಮಕ್ಕಳನ್ನು ಆಮ್ ಸ್ಪೀಗೆಲ್‌ಗ್ರುಂಡ್ ಎಂಬ ಸಂಸ್ಥೆಗೆ ಕಳುಹಿಸಲು ಶಿಫಾರಸು ಮಾಡಿದ್ದನೆಂಬುದನ್ನು ಹೆರ್ವಿಗ್ ಚೆಕ್ ಎಂಬ ಇತಿಹಾಸಜ್ಞನು ೧೯೧೮ರಲ್ಲಿ ಅಲ್ಲ, ಎಂಟು ದಶಕಗಳ ಮೌನವು ಸಮೀಪಿಸಿದ ಮೇಲೆ, ೨೦೧೮ರಲ್ಲಿ ದಾಖಲೆಗಳಿಂದ ತೋರಿಸಿದನು. ಆ ಸಂಸ್ಥೆಯಲ್ಲಿ ಸತ್ತ ಮಕ್ಕಳ ಸಂಖ್ಯೆ ೭೮೯. ಕಲಿಯಬಲ್ಲವನು, ಕಲಿಯಲಾರದವನು ಎಂಬ ವಿಭಾಗವು ಎಂಥ ಫಲಕ್ಕೆ ಎಡೆಗೊಡಬಹುದೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನವಿಲ್ಲ.

೩

‘ಸಾಮಾಜಿಕ ಕೌಶಲ’ವೆಂಬ ಪರಿಭಾಷೆಯು ಬೇರೊಂದು ಕಡೆಯಿಂದ ಬಂದಿತು. ಆಕ್ಸ್‌ಫರ್ಡಿನ ಮೈಕೇಲ್ ಆರ್ಗೈಲನು ಆಡಮ್ ಕೆಂಡನನೊಡನೆ ೧೯೬೭ರಲ್ಲಿ ಬರೆದ ಪ್ರಬಂಧದಲ್ಲಿ ಸಂಭಾಷಣೆಯನ್ನು ದೇಹಶ್ರಮದ ಕೌಶಲಗಳಿಗೆ ಹೋಲಿಸಿದನು. ವಾಹನವನ್ನು ನಡೆಸುವವನು ದಾರಿಯನ್ನು ನೋಡಿ, ನಿರ್ಧರಿಸಿ, ಚಕ್ರವನ್ನು ತಿರುಗಿಸಿ, ಫಲವನ್ನು ಕಂಡು ತಿದ್ದಿಕೊಳ್ಳುವಂತೆಯೇ ಮಾತಾಡುವವನೂ ಮಾಡುವನೆಂದು ಆ ವಾದ. ಕೌಶಲವಾದ ಮೇಲೆ ಅದನ್ನು ಬಿಡಿಸಿ ಹೇಳಬಹುದು, ಅಭ್ಯಾಸ ಮಾಡಿಸಬಹುದು. ಹೋಲಿಕೆಯು ಉಪಯುಕ್ತವೇ ಸರಿ. ಆದರೆ ದಾರಿಯು ವಾಹನಕ್ಕೆ ಪ್ರತ್ಯುತ್ತರ ಕೊಡದು, ಎದುರಿಗಿರುವ ಮನುಷ್ಯನು ಕೊಡುವನು. ಹೋಲಿಕೆಯನ್ನು ನಂಬಿದವರು ಬಹುಕಾಲ ಈ ಭೇದವನ್ನು ಗಣಿಸಲಿಲ್ಲ.

ಇದೇ ಕಾಲದಲ್ಲಿ ಲಾಸ್ ಏಂಜಲೀಸಿನಲ್ಲಿ ಐವಾರ್ ಲೋವಾಸನು ಚಿಕ್ಕ ಮಕ್ಕಳಿಗೆ ಬಹುಮಾನದಿಂದಲೂ ದಂಡನೆಯಿಂದಲೂ ನಡತೆಯನ್ನು ಕಲಿಸುತ್ತಿದ್ದನು. ೧೯೬೦ರ ದಶಕದಲ್ಲಿ ಆ ದಂಡನೆಯಲ್ಲಿ ವಿದ್ಯುತ್ತಿನ ಆಘಾತವೂ ಸೇರಿತ್ತು. ೧೯೮೭ರಲ್ಲಿ ಅವನು ವಾರಕ್ಕೆ ೪೦ ಗಂಟೆಗಳ ಶಿಕ್ಷಣ ಪಡೆದ ೧೯ ಮಕ್ಕಳಲ್ಲಿ ೯ ಮಂದಿ ಇತರ ಮಕ್ಕಳಂತಾದರೆಂದು ಬರೆದನು. ಇತರರಂತೆ ಕಾಣುವುದೇ ಸಿದ್ಧಿ ಎಂಬ ಭಾವನೆಯು ಇದರಿಂದ ಬಲವಾಯಿತು.

ತರುಣರಿಗೂ ವಯಸ್ಕರಿಗೂ ಪ್ರತ್ಯೇಕವಾದ ಗೋಷ್ಠಿಯನ್ನು ಏರ್ಪಡಿಸಿ ೧೯೮೪ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದವನು ಉತ್ತರ ಕೆರೊಲೈನದ ಗ್ಯಾರಿ ಮೆಸಿಬೋವ್. ೧೯೮೧ರಲ್ಲಿ ಲಂಡನ್ನಿನ ಲೋರ್ನಾ ವಿಂಗ್ ಆಸ್ಪರ್ಗರನ ಪ್ರಬಂಧವನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ ಮೇಲೆ, ಮಾತು ಬಲ್ಲ ತರುಣರ ಕಷ್ಟವು ವಿದ್ವಾಂಸರ ಗಮನಕ್ಕೆ ಹೆಚ್ಚಾಗಿ ಬಂದಿತು. ಮಿಷಿಗನ್ನಿನ ಉಪಾಧ್ಯಾಯಿನಿ ಕ್ಯಾರಲ್ ಗ್ರೇ ೧೯೯೧ರಲ್ಲಿ, ಸಂದರ್ಭವೊಂದನ್ನು ಚಿಕ್ಕ ಕಥೆಯಾಗಿ ಬರೆದು ಓದಿಸುವ ಕ್ರಮವನ್ನು ರೂಪಿಸಿದಳು.

೪

ಇಂದು ಹೆಚ್ಚು ಪ್ರಚಾರದಲ್ಲಿರುವ ಶಿಕ್ಷಣಕ್ರಮಗಳಲ್ಲಿ ‘ಪೀರ್ಸ್’ ಎಂಬುದೊಂದು. ಇದನ್ನು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಎಲಿಜಬೆತ್ ಲಾಗೆಸನ್ ಮತ್ತು ಫ್ರೆಡ್ ಫ್ರ್ಯಾಂಕೆಲ್ ರೂಪಿಸಿ, ೧೩ರಿಂದ ೧೭ ವಯಸ್ಸಿನ ೩೩ ಮಂದಿಯಲ್ಲಿ ಪರೀಕ್ಷಿಸಿ ೨೦೦೯ರಲ್ಲಿ ಪ್ರಕಟಿಸಿದರು. ವಾರಕ್ಕೊಮ್ಮೆ ಒಂದೂವರೆ ಗಂಟೆಯ ಪಾಠ; ಅದೇ ಹೊತ್ತಿಗೆ ತಂದೆತಾಯಿಗಳಿಗೆ ಬೇರೆ ಪಾಠ. ನಡೆಯುತ್ತಿರುವ ಸಂಭಾಷಣೆಯಲ್ಲಿ ಸೇರುವುದನ್ನೇ ನೋಡಬಹುದು. ಮೊದಲು ದೂರದಿಂದ ಕೇಳಬೇಕು; ವಿಷಯವೇನೆಂದು ತಿಳಿಯಬೇಕು; ಮಾತಿನ ಬಿಡುವಿಗೆ ಕಾಯಬೇಕು; ಅನಂತರ ಅದೇ ವಿಷಯದ ಮೇಲೆ ಒಂದು ಮಾತನ್ನಾಡಬೇಕು; ಅವರು ಸೇರಿಸಿಕೊಳ್ಳದಿದ್ದರೆ ಸುಮ್ಮನೆ ಸರಿಯಬೇಕು. ಇತರರು ಸಹಜವಾಗಿ ಮಾಡುವ ಕೆಲಸವು ಇಲ್ಲಿ ಸೂತ್ರವಾಗಿದೆ.

ಈ ಕ್ರಮದ ಮುಖ್ಯಗುಣವು ಇನ್ನೊಂದಿದೆ. ಹಿರಿಯರು ಉಪದೇಶಿಸುವುದನ್ನಲ್ಲದೆ, ಗೆಳೆಯರನ್ನು ಸಂಪಾದಿಸಿಕೊಂಡ ತರುಣರು ವಾಸ್ತವವಾಗಿ ಮಾಡುವುದನ್ನೇ ಇದು ಕಲಿಸುತ್ತದೆ. ಹಂಗಿಸುವವರನ್ನು ಲಕ್ಷಿಸಬೇಡವೆಂದು ಹಿರಿಯರು ಹೇಳುವರು; ‘ಅದಕ್ಕೇನೀಗ?’ ಎಂಬಂಥ ಒಂದು ಚಿಕ್ಕ ಮಾತಿನಿಂದ ಅದನ್ನು ತಳ್ಳಿಹಾಕಿ ಹೋಗುವುದು ತರುಣರ ರೂಢಿ. ಪಾಠವು ರೂಢಿಯನ್ನೇ ಪ್ರಮಾಣವಾಗಿ ಹಿಡಿದಿದೆ.

ಫಲದ ವಿಷಯದಲ್ಲಿ ಎಚ್ಚರವು ಅವಶ್ಯ. ೨೦೧೭ರಲ್ಲಿ ಗೇಟ್ಸ್, ಕಾಂಗ್, ಲರ್ನರ್ ಎಂಬುವರು ಇಂಥ ಗೋಷ್ಠಿಶಿಕ್ಷಣಗಳ ೧೯ ಪರೀಕ್ಷೆಗಳನ್ನು ಒಟ್ಟಿಗೆ ಪರಿಶೀಲಿಸಿದರು. ಒಟ್ಟಿನಲ್ಲಿ ಪ್ರಯೋಜನವು ಕಂಡುಬಂದಿತು. ಆದರೆ ತರುಣರು ತಾವೇ ಹೇಳಿಕೊಂಡ ಅಭಿವೃದ್ಧಿಯು ನಿಯಮವನ್ನು ತಿಳಿದುದರಲ್ಲಿ ಮಾತ್ರವೇ ಇದ್ದು, ಆಚರಿಸಿದುದರಲ್ಲಿ ಇರಲಿಲ್ಲ. ಶಾಲೆಯ ಉಪಾಧ್ಯಾಯರಿಗೆ ವ್ಯತ್ಯಾಸವು ಗೋಚರಿಸಲಿಲ್ಲ. ವ್ಯಾಕರಣಸೂತ್ರಗಳನ್ನು ಕಂಠಪಾಠ ಮಾಡಿದವನೆಲ್ಲ ಸಭೆಯಲ್ಲಿ ಸಂಸ್ಕೃತವನ್ನು ನಿರರ್ಗಳವಾಗಿ ಮಾತಾಡಲಾರನೆಂಬುದು ಪಾಠಶಾಲೆಗಳಲ್ಲಿ ಅನುಭವಸಿದ್ಧವಾದುದೇ.

೫

ಇಷ್ಟು ಕಾಲವೂ ಮಾತಾಡಿದವರು ಕಲಿಸುವವರು. ೧೯೯೦ರ ದಶಕದಲ್ಲಿ ಕಲಿತವರು ಮಾತಾಡತೊಡಗಿದರು. ಆಟಿಸಂ ಉಳ್ಳ ಜಿಮ್ ಸಿಂಕ್ಲೇರ್ ೧೯೯೩ರಲ್ಲಿ ತಂದೆತಾಯಿಗಳನ್ನು ಉದ್ದೇಶಿಸಿ, ಆಟಿಸಂ ಎಂಬುದು ಮಗುವನ್ನು ಮುಚ್ಚಿದ ಹೊದಿಕೆಯಲ್ಲ, ಮಗುವಿನ ಇರವಿನ ರೀತಿಯೇ ಅದು ಎಂದು ವಾದಿಸಿದರು. ಆ ದಶಕದ ಕೊನೆಗೆ ‘ನರವೈವಿಧ್ಯ’ವೆಂಬ ಭಾವನೆಯು ಬಳಕೆಗೆ ಬಂದಿತು. ೨೦೧೭ರಲ್ಲಿ ಲಾರಾ ಹಲ್ ಮತ್ತು ಸಂಗಡಿಗರು, ಇತರರಂತೆ ಕಾಣಲು ತಮ್ಮ ಸ್ವಭಾವವನ್ನು ಮರೆಸುವ ವಯಸ್ಕರ ಆಯಾಸವನ್ನು ದಾಖಲಿಸಿದರು. ಮರುವರ್ಷ ಸಾರಾ ಕ್ಯಾಸಿಡಿಯ ಸಂಶೋಧನೆಯು ಇಂಥ ಮರೆಸುವಿಕೆಗೂ ಆತ್ಮಹತ್ಯೆಯ ಭಾವನೆಗೂ ಸಂಬಂಧವಿರುವುದನ್ನು ತೋರಿಸಿತು. ವೇಷವನ್ನು ಕಲಿಸಿ ಅದನ್ನು ವಿದ್ಯೆಯೆಂದು ಕರೆದರೆ ಆಗುವ ಹಾನಿಯು ಸಾಮಾನ್ಯವಾದುದಲ್ಲವೆಂದು ಇದರಿಂದ ತಿಳಿಯಬೇಕು.

ತಾವೂ ಆಟಿಸಂ ಉಳ್ಳವರಾದ ಡೇಮಿಯನ್ ಮಿಲ್ಟನ್ ೨೦೧೨ರಲ್ಲಿ ಮೂಲಪ್ರಶ್ನೆಯನ್ನೇ ತಿರುಗಿಸಿದರು. ಎರಡು ಬಗೆಯ ಮನಸ್ಸುಗಳು ಎದುರಾದಾಗ ಅರ್ಥಭಂಗವು ಉಭಯಪಕ್ಷದ್ದು. ಒಬ್ಬರಲ್ಲಿಯೇ ಅದನ್ನು ಆರೋಪಿಸುವುದು ನ್ಯಾಯವಲ್ಲ ಎಂದು ಅವರ ಮತ. ೨೦೨೦ರಲ್ಲಿ ಎಡಿನ್‌ಬರೋದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ೭೨ ಮಂದಿಯನ್ನು ಎಂಟೆಂಟು ಜನರ ಸಾಲುಗಳಾಗಿ ಮಾಡಿ, ಕಥೆಯೊಂದನ್ನು ಒಬ್ಬರಿಂದೊಬ್ಬರಿಗೆ ಹೇಳಿಸಿದರು. ಆಟಿಸಂ ಉಳ್ಳವರ ಸಾಲಿನಲ್ಲಿ ಕಥೆಯು ಇತರರ ಸಾಲಿನಲ್ಲಿ ಉಳಿದಷ್ಟೇ ಉಳಿಯಿತು. ಮಿಶ್ರವಾದ ಸಾಲಿನಲ್ಲಿ ಹೆಚ್ಚು ಕೆಟ್ಟಿತು. ಆದರೆ ೨೦೨೫ರಲ್ಲಿ ೩೦೦ಕ್ಕೂ ಹೆಚ್ಚು ಮಂದಿಯೊಡನೆ ಇದೇ ಪರೀಕ್ಷೆ ನಡೆದಾಗ ಮಿಶ್ರವಾದ ಸಾಲಿನಲ್ಲಿಯೂ ಹಾಗೆ ವಿಶೇಷ ನಷ್ಟವು ಕಾಣಲಿಲ್ಲ. ಆದುದರಿಂದ ಮಿಲ್ಟನ್ನರ ಮತವು ಈ ಒಂದು ಪರೀಕ್ಷೆಯಿಂದ ಸ್ಥಾಪಿತವಾಯಿತೆನ್ನಲಾಗದು. ಆಟಿಸಂ ಉಳ್ಳವರಿಗೆ ವಿಷಯವನ್ನು ತಿಳಿಸುವ ಶಕ್ತಿಯೇ ಇಲ್ಲವೆಂಬ ಹಳೆಯ ಪಕ್ಷಕ್ಕಾದರೋ ಎರಡು ಪರೀಕ್ಷೆಗಳೂ ಬಾಧಕವೇ ಆಗಿವೆ.

೬

ಭಾರತದಲ್ಲಿ ೧೯೯೯ರ ರಾಷ್ಟ್ರೀಯ ನ್ಯಾಸ ಕಾನೂನೂ ೨೦೧೬ರ ವಿಕಲಾಂಗರ ಹಕ್ಕುಗಳ ಕಾನೂನೂ ಆಟಿಸಂ ಉಳ್ಳವರನ್ನು ಹೆಸರಿಸಿ ಒಳಗೊಂಡಿವೆ. ಆದರೆ ಪಾಠವನ್ನು ಕಾನೂನು ಬರೆದುಕೊಡದು. ಪರದೇಶದ ಪಾಠವನ್ನು ಅನುವಾದಿಸಿದ ಮಾತ್ರಕ್ಕೂ ಅದು ಸಿದ್ಧವಾಗದು. ಕನ್ನಡನಾಡಿನಲ್ಲಿ ‘ಊಟವಾಯಿತೆ?’ ಎಂಬುದು ಅನೇಕ ವೇಳೆ ಪ್ರಶ್ನೆಯಲ್ಲ, ಆದರ. ‘ಹೋಗಿಬರುತ್ತೇನೆ’ ಎಂದವನು ಮತ್ತೆ ಬರುವನೆಂದು ಕಾಯಬೇಕಾಗಿಲ್ಲ. ‘ನೀನು’ ಎಂಬುದು ತಾಯಿಗೆ ಸಲ್ಲುವುದು, ಉಪಾಧ್ಯಾಯರಿಗೆ ಸಲ್ಲದು. ಇವನ್ನೆಲ್ಲ ಬಿಡಿಸಿ ಹೇಳಬಲ್ಲವರು, ಧ್ವನಿಯನ್ನು ಬಿಡಿಸಿ ಹೇಳುವುದನ್ನೇ ವೃತ್ತಿಯಾಗಿ ಉಳ್ಳ ಸಾಹಿತ್ಯದ ಉಪಾಧ್ಯಾಯರು.

ಹಾಗೆ ಹೇಳುವಾಗ ಮಮ್ಮಟನು ಬೋದ್ಧವ್ಯನಿಗಿಂತ ಮೊದಲು ವಕ್ತೃವನ್ನು ಎಣಿಸಿರುವನೆಂಬುದನ್ನು ಮರೆಯಬಾರದು. ಕೇಳುವವನಿಗೆ ಸೂಚನೆಯು ತಿಳಿಯದಿದ್ದಲ್ಲಿ, ವಾಚ್ಯವಾಗಿಯೇ ಹೇಳುವುದು ಹೇಳುವವನ ಕರ್ತವ್ಯ. ತರುಣನು ನಿಯಮವನ್ನು ಕಲಿಯಲಿ, ತನಗೆ ಬೇಕಾದೆಡೆ ಅದನ್ನು ಬಳಸಲಿ. ಅವನ ಸಹಪಾಠಿಗಳೂ ಅವನೊಡನೆ ಮಾತಾಡುವ ಬಗೆಯನ್ನು ಕಲಿಯಲಿ. ನೂರು ವರ್ಷಗಳ ಈ ಚರಿತ್ರೆಯಲ್ಲಿ ಮೊದಲನೆಯ ಪಾಠಕ್ಕೆ ಪುಸ್ತಕಗಳು ಅನೇಕವಾಗಿವೆ. ಎರಡನೆಯದನ್ನು ಬರೆಯುವ ಕೆಲಸವೇ ಹೆಚ್ಚಾಗಿ ಉಳಿದಿದೆ.